ಬರಿಗೋಡೆಯ ಲೆಕ್ಕ

ಒಪ್ಪಂದದ ಪ್ರಕಾರ ಕೋಣೆಗೊಂದು ದೀಪ,
ಬಾಗಿಲ ಪಕ್ಕ ಒಂದು ಸ್ವಿಚ್ಚು, ಎರಡು ಪ್ಲಗ್ಗು.
ಅದರಾಚೆಗಿನ ಬೆಳಕೆಲ್ಲ ಹೆಚ್ಚುವರಿ.

ಸಹಿ ಹಾಕುವ ದಿನ ಇಷ್ಟು ಸಾಕೆನಿಸಿತ್ತು.
ಆವತ್ತು ನಮಗೆ ಹೆಂಚಿನ ಬಣ್ಣದ್ದೇ ಚಿಂತೆ.

ಈಗ ಚೌಕಟ್ಟಿಲ್ಲದ ಕಿಟಕಿಗಳಲ್ಲಿ
ಎಮ್ಸ್ ನದಿಯ ಒಡ್ಡು ಹಾಯ್ದ ಗಾಳಿ ಹೇಳದೆ ಕೇಳದೆ ಬಂದುಹೋಗುತ್ತಿದೆ.
ಓಲ್ಟ್‌ಮನ್ಸ್ ಕೆಂಪು ಸೀಮೆಸುಣ್ಣ ಹಿಡಿದು ನಿಂತಿದ್ದಾರೆ,
ಎಪ್ಪತ್ತರ ಹತ್ತಿರ, ಕಿವಿಯ ಹಿಂದೆ ಪೆನ್ಸಿಲ್ಲು.
"ಈಗಲೇ ಹೇಳಿಬಿಡಿ, ಫ್ರಾವ್ ಹಿನ್ರಿಕ್ಸ್.
ಇಟ್ಟಿಗೆ ಕಾಣುವಾಗ ಹೇಳಿದರೆ ನಲವತ್ತೆಂಟು ಯೂರೋ.
ಗಾರೆ ಒಣಗಿದ ಮೇಲೆ ನೆನಪಾದರೆ
ನೆನಪಿಗೂ ಬಡ್ಡಿ."

ಅಡುಗೆಮನೆಯಲ್ಲಿ ಕೈ ಚಾಚಿ ತೋರಿಸಿದೆ:
ಇಲ್ಲದ ಕಟ್ಟೆಯ ಮೇಲೆ ಇಲ್ಲದ ಕೆಟಲ್ಲು,
ಹಿಟ್ಟು ನಾದುವ ಯಂತ್ರ ಇಲ್ಲಿ, ರೇಡಿಯೋ ಅಲ್ಲಿ.
ಒಂದೊಂದಕ್ಕೂ ಒಂದು ಕೆಂಪು ಕತ್ತರಿ ಗುರುತು.
ಒಲೆಗೆ ದಪ್ಪ ತಂತಿಯೇ ಬೇಕು.
ಪಾತ್ರೆ ತೊಳೆಯುವ ಯಂತ್ರಕ್ಕೆ ಪ್ರತ್ಯೇಕ ಫ್ಯೂಸಂತೆ,
ಬೀಗರ ಹಾಗೆ, ಎಲ್ಲರ ಪಂಕ್ತಿಯಲ್ಲಿ ಕೂರುವುದಿಲ್ಲ.
ಫ್ಯೂಸು ಹೆಚ್ಚಿದರೆ ಪೆಟ್ಟಿಗೆ ಹಿಗ್ಗಬೇಕು,
ಹಿಗ್ಗಿದ ಪೆಟ್ಟಿಗೆಗೆ ಬೇರೆ ಬಿಲ್ಲು.
ಹನಿಗೂಡಿದರೆ ಹಳ್ಳ,
ತೂತುಗೂಡಿದರೆ ಸಾಲ.

ತ್ಯಾರ್ಕ್ ಹಿಂದೆಯೇ ಬರುತ್ತಿದ್ದ, ಒದ್ದೆ ಬಟ್ಟೆ ಹಿಡಿದು.
ನಾನು ಹಾಕಿಸಿದ್ದನ್ನು ಒರೆಸುತ್ತ:
ಅಂಗಳದ ಪ್ಲಗ್ಗು ಬೇಡ, ಹುಲ್ಲು ಕೈಯಲ್ಲೇ ಕತ್ತರಿಸುತ್ತೇನೆ.
ಗ್ಯಾರೇಜಿಗೆ ಕಾರು ಚಾರ್ಜು ಮಾಡುವ ತಂತಿ ಬೇಡ, ಅಂಥ ಕಾರೇ ಇಲ್ಲ.
ಮೆಟ್ಟಿಲಿಗೆ ಸಾಲುದೀಪವೇ? ನಮಗೆ ಹನ್ನೆರಡರ ತನಕ ಎಣಿಸಲು ಬರುತ್ತದೆ.
ಎಮ್ಡನ್ ಬಂದರಿನಲ್ಲಿ ಇಪ್ಪತ್ತಾರು ವರ್ಷ ಸರಕಿನ ಲೆಕ್ಕ ಬರೆದ ಕೈ.

ಮಹಡಿಯ ದೊಡ್ಡ ಕೋಣೆ. ಗಾಳಿಗೆ ನಕ್ಷೆ ಪಟಪಟ.
"ಮಂಚ ಇಲ್ಲಿ. ಎಡಕ್ಕೆ ಯಾರು?"

ಎಡಕ್ಕೆ ಯಾರೂ ಇಲ್ಲ.
ಆರು ವರ್ಷದಿಂದ ಬೇಕರಿಗೆಂದು ನಾನು ಏಳುವುದು ರಾತ್ರಿ ಒಂದೂವರೆಗೆ.
ಅವನು ಮಲಗುವುದು ಹನ್ನೊಂದಕ್ಕೆ, ಆಮೇಲೆ ಗೊರಕೆ.
ಮೊದಲು ಒಂದು ರಾತ್ರಿ ಸೋಫಾ, ಆಮೇಲೆ ಒಂದು ವಾರ,
ಆಮೇಲೆ ಸೋಫಾಕ್ಕೇ ಒಂದು ದಿಂಬು, ಒಂದು ಹೊದಿಕೆ.
ಜಗಳವಲ್ಲ.
ಜಗಳಕ್ಕೆ ಇಬ್ಬರೂ ಎದ್ದಿರುವ ಹೊತ್ತು ಬೇಕು.
ಬಾಡಿಗೆ ಮನೆಯಲ್ಲಿ ಇದನ್ನು ಬಾಯಿಬಿಟ್ಟು ಹೇಳಬೇಕಿರಲಿಲ್ಲ.
ಇಲ್ಲಿ ಪರರೊಬ್ಬರು ಸುಣ್ಣ ಎತ್ತಿ ಹಿಡಿದು ಕಾಯುತ್ತಿದ್ದಾರೆ.

ಪ್ಯಾಸೇಜು ದಾಟಿ ಚಿಕ್ಕ ಕೋಣೆಗೆ ನಾನೇ ನಡೆದೆ,
ನಕ್ಷೆಯಲ್ಲಿ ಅದರ ಹೆಸರು ಅತಿಥಿ.
"ಇಲ್ಲೊಂದು ಮಂಚ. ತಲೆಯ ಬಳಿ ಪ್ಲಗ್ಗು. ಓದುವ ದೀಪ."
"ಅತಿಥಿಗೋ?"
"ನನಗೆ."

ಕೆಳಗೆ ಯಾರೋ ಮಿಕ್ಸರ್ ನಿಲ್ಲಿಸಿದರು.
ಓಲ್ಟ್‌ಮನ್ಸ್ ಗುರುತು ಹಾಕಿ ಮೊತ್ತ ಹೇಳಿದರು, ನೂರ ಎಪ್ಪತ್ತಮೂರು.
ತ್ಯಾರ್ಕ್ ಒರೆಸಲಿಲ್ಲ.
ಬಟ್ಟೆಯನ್ನು ಈ ಕೈಯಿಂದ ಆ ಕೈಗೆ ಬದಲಿಸಿಕೊಂಡ.
"ಈ ಪ್ಯಾಸೇಜಿನ ದೀಪ," ಅಂದ,
"ಇವಳ ಮಂಚದಿಂದಲೂ ಹಚ್ಚುವಂತೆ
ನನ್ನ ಮಂಚದಿಂದಲೂ ಆರಿಸುವಂತೆ
ಆಗುತ್ತದೆಯೆ?"

"ಆಗುತ್ತದೆ. ಮೆಟ್ಟಿಲ ಬಳಿಯದೂ ಸೇರಿ ಮೂರು ಕಡೆ.
ತಂತಿ ಜಾಸ್ತಿ, ಗೋಡೆ ಕೊರೆಯುವುದೂ ಜಾಸ್ತಿ.
ಇನ್ನೂರ ಹತ್ತು, ತೆರಿಗೆ ಬಿಟ್ಟು."

ಹಾಕಿ, ಅಂದ. ಚೌಕಾಸಿಗೆ ಇಳಿಯಲಿಲ್ಲ.
ಫ್ಲಾಸ್ಕಿನ ಚಹಾ ಬಗ್ಗಿಸಿದೆ; ಬಿಸಿಗೆ
ಲೋಟದ ತಳದ ಕಲ್ಲುಸಕ್ಕರೆ ಚಟಕ್ಕೆಂದಿತು.

"ಕೈಗೆಟುಕುವ ಎತ್ತರ ನೋಡಬೇಕು, ಮಲಗಿ," ಅಂದರು ಓಲ್ಟ್‌ಮನ್ಸ್.
ಸಿಮೆಂಟಿನ ಧೂಳಿನಲ್ಲಿ, ಕೋಟಿನ ಸಮೇತ, ನಾನು ಇಲ್ಲಿ.
ಆ ಕೋಣೆಯಲ್ಲಿ ಅವನು, ಮಂಡಿ ಲಟಕ್ಕೆನ್ನಿಸುತ್ತ.
ಕತ್ತಲಲ್ಲಿ ತಡಕುವ ಹಾಗೆ ಕೈಯೆತ್ತಿ ಗೋಡೆ ಮುಟ್ಟಿದೆ,
ಬೆರಳ ತುದಿಗೆ ಸುಣ್ಣ ತಾಗಿತು.
"ಸಿಕ್ಕಿತೇ?" ಅಲ್ಲಿಂದ ಅವನ ಕೂಗು.
"ಸಿಕ್ಕಿತು."
"ಮಂಚದ ಎತ್ತರ ನಾನು ಕೂಡಿಸಿಕೊಳ್ಳುತ್ತೇನೆ," ಅಂದರು ಓಲ್ಟ್‌ಮನ್ಸ್,
"ಇನ್ನು ಏಳಬಹುದು."