ಎರಡು ಮುಳ್ಳು

ಪೆಟ್ರೋಲಿನ ಮುಳ್ಳು ಇದ್ದದ್ದಕ್ಕಿಂತ ಹೆಚ್ಚು ತೋರಿಸುತ್ತದೆ,
ಬಿಸಿಯ ಮುಳ್ಳು ಊರು ದಾಟುವಷ್ಟರಲ್ಲಿ ಕೆಂಪಿಗೆ ಏರುತ್ತದೆ,
ಮೊನ್ನೆ ಹಡಗುಕಟ್ಟೆಯ ಇಳಿಜಾರಿನಲ್ಲಿ
ಇನ್ನೂ ಇದೆ ಇನ್ನೂ ಇದೆ ಎಂದು ನಂಬಿಸಿ ನಿಂತೇಬಿಟ್ಟಿತು,
ಹಿಂದೆ ಟೊಮೆಟೊ ಲಾರಿಯವನ ಹಾರನ್ನು ಬೇರೆ,
ಎಂದಳು ಮರ್ಯುಚ್ಚಾ, ಕೀಲಿಕೈ ನನ್ನ ಬೆಂಚಿನ ಮೇಲಿಟ್ಟು.
ವಿಸ್ತಿನ್ ಇದ್ದಾಗ ಹೀಗಿರಲಿಲ್ಲವಂತೆ.

ಹೆರಾಲ್ಡ್ ಕಾರು, ಅರವತ್ತೆಂಟರದ್ದು.
ಗೋಜೋದ ಉಪ್ಪುಗಾಳಿ ಬಾಗಿಲಂಚು ತಿಂದಿದೆ,
ಮರದ ಡ್ಯಾಶ್‌ಬೋರ್ಡನ್ನು ಮಾತ್ರ ಯಾರೋ ಮೇಣ ತಿಕ್ಕಿ ಸಾಕಿದ್ದಾರೆ.

ಅಪ್ಪ ಹೇಳಿಕೊಟ್ಟದ್ದು:
ಒಂದು ಮುಳ್ಳು ಸುಳ್ಳಾಡಿದರೆ ಮುಳ್ಳನ್ನೇ ಬಿಚ್ಚು.
ಎರಡೂ ಸೇರಿ ಒಂದೇ ಸುಳ್ಳಾಡಿದರೆ
ಅವಕ್ಕೆ ಉಣ್ಣಿಸುವ ಕೈ ಯಾವುದೆಂದು ನೋಡು.

ಕಾಲು ಸೀಟಿನ ಮೇಲೆ, ತಲೆ ಪೆಡಲುಗಳ ನಡುವೆ,
ಹಲ್ಲಲ್ಲಿ ಟಾರ್ಚು ಕಚ್ಚಿ
ಸ್ಪೀಡೋಮೀಟರಿನ ಬೆನ್ನಿಗೆ ಕೈ ಹಾಕಿದೆ.
ಅಲ್ಲಿದೆ, ಬೆಂಕಿಪೊಟ್ಟಣಕ್ಕಿಂತ ಚಿಕ್ಕ ತಗಡಿನ ಡಬ್ಬಿ.
ಬ್ಯಾಟರಿಯ ಕಸುವನ್ನು ಅದು ಬಿಟ್ಟು ಬಿಟ್ಟು ಕೊಡಬೇಕು,
ಕೂಸಿಗೆ ತುತ್ತಿಟ್ಟಂತೆ, ನುಂಗಿದ ಮೇಲೆ ಇನ್ನೊಂದು.
ಪರೀಕ್ಷೆಯ ಬಲ್ಬು ತಾಗಿಸಿದೆ.
ಮಿಣುಕಬೇಕಾದದ್ದು ನಿಂತು ಉರಿಯಿತು.

ಅಂದರೆ ಡಬ್ಬಿಗೆ ಅರ್ತಿಂಗ್ ಇಲ್ಲ.
ಸ್ಕ್ರೂ ಸಡಿಲಿಸಿದರೆ ಸಂದಿಯಿಂದ ಜಾರಿತು
ಮಡಿಸಿ ಮಡಿಸಿ ತುರುಕಿದ ಬೆಳ್ಳಿಹಾಳೆ,
ಸಿಗರೇಟು ಪ್ಯಾಕಿನದು, ಉಪ್ಪು ಹತ್ತಿ ಅರ್ಧ ಪುಡಿ.
ವಿಸ್ತಿನ್‌ನ ರಿಪೇರಿ. ಅಚ್ಚುಕಟ್ಟಾದ ಜಿಪುಣನ ಕೆಲಸ,
ಎಷ್ಟೋ ವರ್ಷ ನಡೆದಿರಬೇಕು.
ಮಗಳ ಜ್ಞಾನಸ್ನಾನದಂದೇ ಸಿಗರೇಟು ಬಿಟ್ಟೆನೆಂದು
ಚರ್ಚಿನ ಮೆಟ್ಟಿಲ ಮೇಲೆ ಊರಿಗೆಲ್ಲ ಹೇಳಿಕೊಂಡಿದ್ದಾತ;
ಈ ಕಾರು ಕೊಂಡದ್ದು ಆ ಮಗಳ ಮದುವೆಗೆ.

ಜೇಬಿಗೆ ಸೇರಿಸೋಣವೆಂದುಕೊಂಡೆ.
ಅಷ್ಟರಲ್ಲಿ ಅವಳು ಕಿಟಕಿಯಲ್ಲಿ ಬಗ್ಗಿ, ಅದೇನು ಮಿಂಚಿದ್ದು?
ಕೊಟ್ಟೆ.

ಲೋಹ ಹೊಳೆಯುವವರೆಗೆ ಕೆರೆದೆ,
ಹಲ್ಲಿನ ವಾಷರು ಕೂರಿಸಿ ಬಿಗಿದೆ, ಕೀಲಿ ತಿರುಗಿಸಿದೆ.
ಆ ಕಾಲದ ಮುಳ್ಳುಗಳು ಹಾರುವುದಿಲ್ಲ.
ಒಳಗಿನ ಪಟ್ಟಿ ಕಾಯಬೇಕು, ಬಾಗಬೇಕು, ಆಮೇಲೆ ಏಳಬೇಕು,
ಮಧ್ಯಾಹ್ನದ ನಿದ್ದೆ ಮುಗಿಸಿದ ಮುದುಕನಂತೆ.
ಕಾಲು ದಾಟಿತು. ಇನ್ನೊಂದು ಕೂದಲೆಳೆ. ನಿಂತಿತು.
ಇಷ್ಟೇನಾ ಇರೋದು?
ಇಷ್ಟೇ. ವಿಕ್ಟೋರಿಯಾದ ಬಂಕಿನವರೆಗೆ ಸಾಕು.

ಅವಳು ಹಾಳೆಯನ್ನು ಬಾನೆಟ್ಟಿನ ಮೇಲೆ ಹಾಸಿ
ಹೆಬ್ಬೆರಳ ಉಗುರಿನಿಂದ ಸುಕ್ಕು ಬಿಡಿಸುತ್ತಿದ್ದಳು.
ಎತ್ತಿ ಮೂಸಿದಳು. ಪುದೀನ ಜಗಿದು ಬರುತ್ತಿದ್ದ ಕಳ್ಳ, ಎಂದಳು,
ಕಾರಿನ ಬೂದಿತಟ್ಟೆ ಎಳೆದಳು. ಬೂದಿಯ ಗುರುತೇ ಇಲ್ಲ,
ಎರಡು ಪೆಪ್ಪರ್‌ಮಿಂಟು, ಒಂದು ಹಳೆಯ ದೋಣಿ ಟಿಕೇಟು.
ಹಾಳೆ ಅದರಲ್ಲಿಟ್ಟು ಮುಚ್ಚಿ
ಎಷ್ಟಾಯಿತು, ಎಂದಳು.

ವಾಷರಿನದ್ದು ಕೊಡು, ಎಂದೆ.