ರಾತ್ರಿ ಬಂದ ಬೋಟುಗಳು

ಮಲ್ಪೆ ಬಂದರು, ಬೆಳಿಗ್ಗೆ ಐದೂವರೆ.
ಬಂದ ಬೋಟು ನಲವತ್ತೊಂದು,
ನಾನು ಹತ್ತಿ ನೋಡಬೇಕಾದದ್ದು ಎಂಟು.
ಯಾವ ಎಂಟು ಎಂದು ಹೇಳುವುದು ನಾನಲ್ಲ,
ರ‍್ಯಾಂಡಮ್ ಅಂಕೆಗಳ ಒಂದು ಹಾಳೆ.
ಅದರ ಮೇಲೂ ನಿನ್ನೆಯ ಮೀನಿನ ನೀರು ಬಿದ್ದು
ಒಂದು ಯಾವುದು ಏಳು ಯಾವುದು ತಿಳಿಯದು.

ಎಂಎಸ್ಸಿ ಸ್ಟ್ಯಾಟಿಸ್ಟಿಕ್ಸ್, ಎರಡನೇ ರ‍್ಯಾಂಕು.
ಗುತ್ತಿಗೆ ಹನ್ನೊಂದು ತಿಂಗಳು.
ಹನ್ನೆರಡನೆಯದರ ಬಗ್ಗೆ
ಆರ್ಡರಿನಲ್ಲಿ ಏನೂ ಬರೆದಿಲ್ಲ.

ಬೂತಾಯಿ, ಬಂಗುಡೆ, ನಂಗ್, ಮದಿಮಾಳ್.
ಮದಿಮಾಳ್ ಅಂದರೆ ತುಳುವಿನಲ್ಲಿ ಮದುಮಗಳು.
ಆ ಕಾಲಮ್ಮು ತುಂಬುವಾಗಲೆಲ್ಲ ಬೇಬಿಯಕ್ಕ
ಬುಟ್ಟಿ ಕೆಳಗಿಟ್ಟು,
"ಇದು ಎಷ್ಟು ಬರೆದೆ ಮಾರಾಯ್ತಿ?" ಎಂದು
ಕಿಲೋಗೆ ಸಂಬಂಧವಿಲ್ಲದ ನಗು ನಗುತ್ತಾಳೆ.

ಮನೆಯಲ್ಲಿ ಇನ್ನೊಂದು ಪಟ್ಟಿ, ಕ್ಯಾಲೆಂಡರಿನ ಹಿಂಬದಿಗೆ:
ಹೈದರಾಬಾದು, ಇಂಟರ್‌ವ್ಯೂ ಆಗಿದೆ, ಸುದ್ದಿಯಿಲ್ಲ.
ಕೋಲ್ಕತ್ತ, ಇಲ್ಲ.
ಆಚೆ ದೇಶದ್ದೊಂದು, ಫೀಸು ಎಂಟು ಸಾವಿರ, ಕಟ್ಟಿಲ್ಲ.
ಇನ್ನೊಂದು, ಕಟ್ಟಿದೆ, ಇಲ್ಲ.
"ಈ ಬಾರಿಯ ಅರ್ಜಿಗಳ ಮಟ್ಟ ಅಸಾಧಾರಣವಾಗಿತ್ತು"
ಎಂದು ಎಲ್ಲರೂ ಬರೆಯುತ್ತಾರೆ.
ಪ್ರತಿ ಸಲವೂ ಅಸಾಧಾರಣವಾದರೆ
ಅದಕ್ಕೇ ಅಲ್ಲವೇ ಸಾಧಾರಣ ಎನ್ನುವುದು?
ಉತ್ತರಿಸಬೇಕೆನಿಸಿತು. ಉತ್ತರಿಸಲಿಲ್ಲ.

ಶಿಫಾರಸು ಪತ್ರದ ದಿನ ಪಾಂಗಾಳ ಸರ್ ಫೋನು:
"ನೀನು ಮೇಲಿನ ಶೇಕಡಾ ಐದರಲ್ಲಿ ಇದ್ದೀಯಾ ಅಂತ ಕೇಳ್ತಾ ಉಂಟಲ್ಲ,
ನಿಮ್ಮ ಬ್ಯಾಚಿನಲ್ಲಿ ಇದ್ದದ್ದೇ ಹದಿನಾಲ್ಕು ಜನ.
ಐದು ಶೇಕಡಾ ಅಂದರೆ ಮುಕ್ಕಾಲು ವಿದ್ಯಾರ್ಥಿಯೂ ಇಲ್ಲ ಮಗಾ.
ನಿನ್ನ ಯಾವ ಭಾಗ ಬಿಟ್ಟು ಕಳಿಸಲಿ?"
ಇಬ್ಬರೂ ನಕ್ಕೆವು.
ಫೋನಿಟ್ಟ ಮೇಲೆ ನಾನು ಯೋಚಿಸಿದೆ,
ನಿಜವಾಗಿಯೂ ಯಾವ ಭಾಗ?

ಅಪ್ಪ ಐಸ್ ಪ್ಲಾಂಟಿನಿಂದ ಬಂದು ಕಾಲು ಒರೆಸಿಕೊಳ್ಳುತ್ತ
"ಪಿಎಚ್‌ಡಿ ಅಂದರೆ ಎಷ್ಟು ವರ್ಷ?"
ಐದು.
"ಆಮೇಲೆ?"
ಇನ್ನೆರಡು, ಬೇರೆ ಕಡೆ.
"ಅದರ ಆಮೇಲೆ?"
ನಾನು ಗಂಜಿಗೆ ಉಪ್ಪಿನಕಾಯಿ ಹಾಕಿಕೊಂಡೆ.
ಕರಗುವುದನ್ನು ತೂಗಿ ಮಾರುವ ಮನುಷ್ಯ,
ಅವನಿಗೆ ಕೇಳುವ ಹಕ್ಕು ಉಂಟು.

ಎಲ್ಲ ಅರ್ಜಿಗೂ ಬೇಕು ಉದ್ದೇಶದ ಒಂದು ಪುಟ.
"ಚಿಕ್ಕಂದಿನಿಂದಲೂ ನನಗೆ ಅಂಕೆಗಳೆಂದರೆ…"
ಸುಳ್ಳು. ಚಿಕ್ಕಂದಿನಲ್ಲಿ ನನಗೆ ಗೋಳಿಬಜೆ ಎಂದರೆ ಪ್ರಾಣ.
"ಸಮಾಜದ ಒಳಿತಿಗಾಗಿ ದತ್ತಾಂಶ…"
ಅಳಿಸಿದೆ.
ಏಳನೇ ಕರಡಿನಲ್ಲಿ ಉಳಿದದ್ದು
ನನ್ನ ಹೆಸರು, ಮತ್ತು ಒಂದು ಅಲ್ಪವಿರಾಮ.

ಮೊನ್ನೆ ಬೇಬಿಯಕ್ಕ ಐಸು ಒಡೆಯುತ್ತ ಕೇಳಿದಳು:
"ನೀನು ಬರುವುದು ಐದೂವರೆಗೆ.
ಎರಡು ಗಂಟೆಗೆ ಬಂದು ಮಾರಿ ಹೋದ ಬೋಟಿನದ್ದು
ಬರೆಯುವುದು ಯಾರು?"
ಯಾರೂ ಇಲ್ಲ ಅಕ್ಕ.
ಹಗಲು ಬಂದಷ್ಟೇ ರಾತ್ರಿಯೂ ಬಂತು ಎಂದು ಹಿಡಿಯುತ್ತೇವೆ.
"ಹಿಡಿಯುತ್ತೀರಾ?
ಎಂತ ಬಲೆಯಲ್ಲಿ?"

ಎರಡು ವರ್ಷದ ಥಿಯರಿಯಲ್ಲಿ
ಹೀಗೆ ಯಾರೂ ನನ್ನ ಕಿವಿ ಹಿಂಡಿರಲಿಲ್ಲ.

ಇವತ್ತು ಸಂಬಳವಿಲ್ಲದ ಹೊತ್ತಿಗೆ ಬಂದಿದ್ದೇನೆ.
ಒಂದೂ ಐವತ್ತು. ಅಳಿವೆಯ ಕಡೆ
ಎರಡು ದೀಪ, ಅಲ್ಲ, ಮೂರು.
ಮೊದಲ ಬೋಟಿನವರು ನನ್ನನ್ನು ಕಂಡು
ಸಾಲದವರೋ ಪೊಲೀಸೋ ಎಂದು ಗುಸುಗುಸು.
"ಅದು ನಮ್ಮ ಲೆಕ್ಕದ ಹುಡುಗಿ,"
ಕತ್ತಲೊಳಗಿಂದ ಬೇಬಿಯಕ್ಕ.

ಹೊಸ ಹಾಳೆ. ಮೇಲೆ ದಿನಾಂಕ.
ಹಗಲಿನ ಬುಟ್ಟಿಗಿಂತ ಇವು ಭಾರ ಎಂದು ನನ್ನ ಗುಮಾನಿ.
ಗುಮಾನಿಯನ್ನು ಇನ್ನೂ ಬರೆಯುವಂತಿಲ್ಲ.
ಎತ್ತಬೇಕು, ತೂಗಬೇಕು, ನಾಳೆಯೂ ಬರಬೇಕು.

ಜೇಬಿನಲ್ಲಿ ಫೋನು ಒಮ್ಮೆ ನಡುಗಿತು.
ಅಲ್ಲಿ ಎಲ್ಲೋ ಈಗ ಮಧ್ಯಾಹ್ನ,
ಯಾರೋ ಊಟ ಮುಗಿಸಿ ಮೇಲ್ ಕಳಿಸುವ ಹೊತ್ತು.

ಕೈಯೆಲ್ಲ ಮೀನು.
ಮೊದಲು ಈ ಬುಟ್ಟಿ.