ಇಪ್ಪತ್ತೆರಡನೆಯ ಪದ

ವಾಕಡಿನಲ್ಲಿ ಹದಿನೆಂಟು ಮಾಳಿಗೆ ಏಳುತ್ತಿರುವ ಕಟ್ಟಡದ ಹಿಂದೆ
ಪತ್ರಾಸಿನ ಶೆಡ್ಡು. ಖಾಲಿ ಸಿಮೆಂಟು ಚೀಲ ಹಾಸಿ
ಕೂರಿಸಿದಳು ಸಿಂದಗಿ ಕಡೆಯ ನೀಲಗಂಗವ್ವ.
ನನ್ನ ಕೈಯಲ್ಲಿ ನೂರು ಪದಗಳ ಪಟ್ಟಿ.
ನಾನು, ನೀನು, ನಾವು, ಕಣ್ಣು, ಬೂದಿ, ಕಲ್ಲು –
ಯಾವ ಭಾಷೆಯೂ ಇವನ್ನು ಸುಲಭಕ್ಕೆ ಕಡ ತರುವುದಿಲ್ಲವಂತೆ.
ಪಕ್ಕದ ಮನೆಗೆ ಹೋಗಿ ಕೆಂಡ ಕೇಳಬಹುದು,
ಒಲೆಗುಂಡು ಕೇಳುತ್ತಾರೆಯೇ?

"ಇದನ್ನ ಕೇಳಾಕ ಅಲ್ಲಿಂದ ಬಂದೀಯ?
ನೀರಿಗೆ ನೀರ ಅಂತಾರ. ನಿನಗ ಗೊತ್ತಿಲ್ಲೇನು?"

ನಕ್ಷತ್ರ ಎಂದು ಅಚ್ಚಾಗಿದ್ದ ಕಡೆ ಆಕೆ ಚಿಕ್ಕಿ ಅಂದಳು.
ಹೊಡೆದುಹಾಕಿ ಬರೆದುಕೊಂಡೆ,
ಖುಷಿಗೆ ಹಾಳೆ ಹರಿಯಿತು.
ನೂರನೆಯದು, ಹೆಸರು.
"ಯಾವುದು ಬರಕೊಂತಿ?
ಊರಾಗಿಂದೋ, ಮುಕಾದಮ ಇಟ್ಟಿದ್ದೋ?"

ಆಮೇಲೆ ಅದೇ ಪಟ್ಟಿ ಮೊಮ್ಮಗಳಿಗೆ.
ರೇಣಿ. ಮಹಾಪಾಲಿಕೆ ಶಾಲೆ, ಮೂರನೆಯ ಇಯತ್ತೆ.
ಮರಕ್ಕೆ ಝಾಡ್, ಮಳೆಗೆ ಪಾವೂಸ್, ಮಣ್ಣಿಗೆ ಮಾತಿ.
ನಾವು ಎಂದಾಗ ನನ್ನನ್ನೇ ತಡೆದು ಕೇಳಿದಳು:
ಆಮ್ಹಿಯೋ, ಆಪಣೋ?
ಒಂದರಲ್ಲಿ ನೀವಿಲ್ಲ, ಒಂದರಲ್ಲಿ ಇದ್ದೀರಿ.
ನನ್ನ 'ನಾವು'ವಿಗೆ ಆ ಬಾಗಿಲೇ ಇರಲಿಲ್ಲ.
ಒಳಗಿದ್ದೇನೋ ಹೊರಗೋ ಎಂದು
ಈವರೆಗೆ ಯಾರನ್ನೂ ಕೇಳಿಯೂ ಇರಲಿಲ್ಲ.

ಇಪ್ಪತ್ತೆರಡು: ಹೇನು.
ಅದಕ್ಕೆ ಮರಾಠಿ ಗೊತ್ತಿಲ್ಲ ಅವಳಿಗೆ.
ಹೇನ, ತಲಿ, ಕೂದಲ, ಉಗುರ, ಕುಂಡ್ರು
ಸರಸರ ಬಂದವು.
ಕೊಲ್ಲು ಎಂದರೆ, ಎರಡು ಹೆಬ್ಬೆರಳು ಜೋಡಿಸಿ, "ಕುಕ್ಕು".
ರವಿವಾರ ಮಧ್ಯಾಹ್ನ ಆಯಿಯ ಮೊಣಕಾಲ ನಡುವೆ
ತಲೆ ಕೊಟ್ಟು, ಅತ್ತು, ಬೈಸಿಕೊಂಡು ಕಲಿತ ಕನ್ನಡ.
ಸಣ್ಣ ಹಣಿಗೆಯ ಹಲ್ಲುಗಳ ಸಂದಿನಲ್ಲಿ ಉಳಿದದ್ದು.

ಆಯಿ ಪಟ್ಟಿಯಲ್ಲಿಲ್ಲ.
ಸಿಂದಗಿಯಲ್ಲಿ ಆಕೆ ಅಜ್ಜಿ, ಶಾಲೆಯ ಬಾಯಿಯವರಿಗೆ ತಾಯಿ.
ಎರಡೂ ಕೆಲಸ ನೀಲಗಂಗವ್ವನದೇ ಆದ್ದರಿಂದ
ಯಾರೂ ತಿದ್ದಿಲ್ಲ.

ಸೂತ್ರವೊಂದಿದೆ: ಸಾವಿರ ವರ್ಷಕ್ಕೆ
ನೂರರಲ್ಲಿ ಹದಿನಾಲ್ಕು ಪದ ಉದುರುತ್ತವೆ.
ಇವರಿಬ್ಬರಲ್ಲಿ ಕೂಡಿ ಬಂದವು ಮೂವತ್ತು.
ವಾಪಸು ಬಸ್ಸಿನಲ್ಲಿ, ನಿಂತುಕೊಂಡೇ, ಫೋನಿನಲ್ಲಿ ಲೆಕ್ಕ ಹಾಕಿದೆ –
ಅಗಲಿ ನಾಲ್ಕು ಸಾವಿರ ವರ್ಷ.
ಒಂದೇ ಕೌದಿ ಹೊದೆಯುವವರು.
ರಾತ್ರಿ ಕಾಲಿಗೆ ಕಾಲು ತಾಗಿದರೆ
"ಸರಿ ಅತ್ಲಾಗ" ಅನ್ನುತ್ತಾಳಂತೆ,
ಯಾವ ಶತಮಾನದಿಂದಲೋ.

ಮತ್ತೊಮ್ಮೆ ಕೂಡಿಸಿದೆ, ಅಷ್ಟೇ ಬಂತು.
ಮೂಲ ಪದಗಳು ಕಡ ಹೋಗುವುದಿಲ್ಲ ಎಂಬ ಸಾಲಿನ ಪಕ್ಕ
ಪೆನ್ಸಿಲಿನಲ್ಲಿ ಏನೋ ಗೀಚುತ್ತಿದ್ದೆ.
ಔಂಧ್ ದಾಟುವಾಗ
ಎಡಗಿವಿಯ ಹಿಂದೆ
ಸಣ್ಣಗೆ ಹರಿದಾಡತೊಡಗಿತು.